ಬಿಸಿಲಿಗೆ ಒಣಗಿಸಿದ ಹೆಸರು

ಅಫಜಲಪುರದ ಪೇಂಟರ್ ಧಮ್ಮಪಾಲನ ಶೌರ್ಯದ ಬಗ್ಗೆ ಸಂಶಯವಿದ್ದವರು ಊರ ನೀರಿನ ಟಾಕಿಯನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಬಾಯಲ್ಲೊಂದು ಬ್ರಷ್ಶು, ಕಿವಿಯ ಮೇಲೊಂದು ಬ್ರಷ್ಶು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹದ್ದುಗಳೂ ಯೋಚಿಸಿ ಕೂಡುವ ಎತ್ತರದಲ್ಲಿ ತೂಗಾಡುತ್ತ ಬರೆದ ಅಕ್ಷರಗಳು ಈಗಲೂ ಅಲ್ಲಿವೆ. ಇಂಥ ವೀರನನ್ನು ಕೆಡವಬಲ್ಲ ಆಯುಧ ಭೂಮಂಡಲದಲ್ಲಿ ಒಂದೇ ಇತ್ತು, ಸೂಜಿ. ಶಾಲೆಗೆ ಚುಚ್ಚುಮದ್ದಿನವರು ಬಂದ ದಿನ ಕಿಟಕಿ ಹಾರಿ ಕಬ್ಬಿನ ಹೊಲ ಸೇರಿದ್ದ. ಹುಡುಕುತ್ತ ಬಂದ ಮಾಸ್ತರರಿಗೆ ಕಬ್ಬು ಸೀಳುವ ಸದ್ದಿನಿಂದಲೇ ಸಿಕ್ಕಿಬಿದ್ದ. ಧೈರ್ಯ ಹೋಗಿತ್ತು, ಹಸಿವು ಹೋಗಿರಲಿಲ್ಲ.

ಅವನ ಅಕ್ಷರಗಳನ್ನು ತಾಲೂಕಿನವರು ದೂರದಿಂದಲೇ ಗುರುತಿಸುತ್ತಿದ್ದರು. ಹಂಚಿನ ಮೇಲೆ ಉಬ್ಬಿದ ರೊಟ್ಟಿಯಂಥ ಹೊಟ್ಟೆ, ಹುಂಜದ ಜುಟ್ಟಿನಂತೆ ಮೇಲಕ್ಕೆ ಚಿಮ್ಮುವ ತಲೆಕಟ್ಟು. ಫ್ಲೆಕ್ಸ್ ಬಂದು ಈ ಜುಟ್ಟುಗಳನ್ನೆಲ್ಲ ಬೋಳಿಸಿತು. ಗೋಡೆಗಳು ಅವನನ್ನು ಮರೆತವು. ಆಗ ಹೆಂಡತಿ ಮಧುಮತಿ ಕುಬಸ ಹೊಲಿಯುತ್ತಲೇ ದಾರಿ ತೋರಿಸಿದಳು.

"ಗ್ವಾಡಿ ಮ್ಯಾಲ ಬರದದ್ದು ಸಾಕು, ಇನ್ನ ಮಂದಿ ಮ್ಯಾಲ ಬರಿ. ಹುಡುಗ್ರು ಟ್ಯಾಟೂ ಟ್ಯಾಟೂ ಅಂತ ಸೋಲಾಪುರಕ್ಕ ಓಡಾಕತ್ತಾರ."

"ಸೂಜಿ ಬೇ ಅದು!"

"ನಾ ದಿನಾ ಹಿಡಿತೇನಿ. ಎಂದರ ಸತ್ತೇನೇನು?"

ಹೀಗೆ ವಿಧಿ ಅವನ ಶತ್ರುವನ್ನೇ ಅವನ ಕೈಗೆ ಕೊಟ್ಟಿತು. ಮೊನೆ ತನ್ನ ಕಡೆ ತಿರುಗದಿದ್ದರೆ ಸಾಕು, ಅವನು ಸಹಿಸಬಲ್ಲವನಾಗಿದ್ದ. ಸೋಲಾಪುರದ ಉಸ್ತಾದ್ ದೇವಾನಂದನ ಬಳಿ ಕುಂಬಳಕಾಯಿಯ ಸಿಪ್ಪೆಯ ಮೇಲೆ ಕೈ ಪಳಗಿಸಿದ. ಗಿರಾಕಿಗೊಂದು ಹೊಸ ಸೂಜಿ, ಕೈಗೆ ಗವಸು, ಚರ್ಮ ಜಗ್ಗಿ ಹಿಡಿಯುವ ಬಗೆ ಎಲ್ಲ ಕಲಿತ. ಕಡೆಯ ದಿನ ಉಳಿದದ್ದು ಒಂದೇ ಪಾಠ, ಬರೆದ ಮೇಲೆ ಜೋಪಾನ ಮಾಡುವುದು ಹೇಗೆ ಎಂಬುದು. ಅದನ್ನು ತೋರಿಸಲು ಉಸ್ತಾದ್ ಧಮ್ಮಪಾಲನದೇ ತೋಳು ಹಿಡಿದು ಮೆಷಿನ್ನು ಚಾಲೂ ಮಾಡಿದ. ಟಾಕಿ ಏರಿದ ವೀರ ಕುರ್ಚಿಯಿಂದ ಕೆಳಗುರುಳಿದ. ಎಚ್ಚರವಾಗುವಷ್ಟರಲ್ಲಿ ಪಾಠ ಮುಗಿದು ಉಳಿದ ಶಿಷ್ಯರು ಚಹಾ ಕುಡಿಯುತ್ತಿದ್ದರು. ಮತ್ತೊಮ್ಮೆ ಹೇಳಿ ಎಂದು ಕೇಳಲು ನಾಚಿಕೆ. ಸುಮ್ಮನೆ ಬಸ್ ಹತ್ತಿದ.

ಆ ಪಾಠದ ಜಾಗವನ್ನು ಅವನು ಪೇಂಟರನ ವಿದ್ಯೆಯಿಂದಲೇ ತುಂಬಿಸಿಕೊಂಡ. ಹಸಿ ಬಣ್ಣಕ್ಕೆ ನೀರು ಶತ್ರು, ಬಿಸಿಲು ಮಿತ್ರ, ಮೇಲೊಂದು ಕೈ ವಾರ್ನಿಶ್. ಮೊದಮೊದಲ ಗಿರಾಕಿಗಳಾದ ಕಾಲೇಜು ಹುಡುಗರಿಗೆ ಇದನ್ನೇ ಉಪದೇಶಿಸಿದ. ಅವರು ಯಾರ ಮಾತನ್ನೂ ಕೇಳದವರಾದ್ದರಿಂದ ಏನೂ ಆಗದೆ ಉಳಿದುಕೊಂಡರು.

ಆದರೆ ಭಾಗಮ್ಮ ಮಾತು ಕೇಳಿದಳು.

ಬಸ್ ಸ್ಟ್ಯಾಂಡಿನ ಎದುರಿಗೆ ಖಾನಾವಳಿ ನಡೆಸುವ ಭಾಗಮ್ಮನ ಒಂದು ಕೂಗಿಗೆ ಹೊರಟ ಬಸ್ಸೂ ನಿಲ್ಲುತ್ತಿತ್ತು. ಅವಳು ರೊಟ್ಟಿ ಬಡಿಯುವ ಸದ್ದನ್ನು ಊರು ಗಡಿಯಾರದಂತೆ ನಂಬಿತ್ತು. ಖಾನಾವಳಿ ತಾಯಿ ಶರಣಬಸಮ್ಮನದು. ಅದರ ಬೋರ್ಡು ಬರೆದವನು ಹರೆಯದ ಧಮ್ಮಪಾಲ. ರಸ್ತೆ ಅಗಲವಾದಾಗ ಗೋಡೆಯ ಜೊತೆ ಬೋರ್ಡೂ ಹೋಯಿತು, ಹೋದ ವರ್ಷ ತಾಯಿಯೂ ಹೋದಳು. ಭಾಗಮ್ಮ ಬಂದು ಬಲಗೈ ಚಾಚಿದಳು.

"ನಮ್ಮವ್ವನ ಹೆಸರು ಬರಿಯೋ ಪೇಂಟರ. ಬೋರ್ಡಿನ ಮ್ಯಾಲ ಇತ್ತಲ್ಲ, ಅದೇ ಹೊಟ್ಟಿ, ಅದೇ ಜುಟ್ಟು. ಈ ಸಲ ಯಾವ ಜೆಸಿಬಿ ಬರ್ತದೋ ನೋಡೂಣು."

ಬರೆದ. ಅಷ್ಟು ಚೆಂದದ ಅಕ್ಷರ ಅವನ ಕೈಯಿಂದ ಎಂದೂ ಮೂಡಿರಲಿಲ್ಲ. ಆಮೇಲೆ ಗುರುವಿನ ಗತ್ತಿನಲ್ಲಿ ಹೇಳಿದ: "ನೀರು ಮುಟ್ಟಿಸಬ್ಯಾಡ. ದಿನಾ ಮಧ್ಯಾಹ್ನ ಬಿಸಲಿಗೆ ಹಿಡಿ. ಮ್ಯಾಲ ಕುಸುಬಿ ಎಣ್ಣಿ ದಪ್ಪಗ ಬಳಿ."

ವಾರ ತುಂಬಿರಲಿಲ್ಲ. ಬಳೆ ಮಾರುವ ಪೀರಬಿ ಅವನ ಬಾಗಿಲಲ್ಲಿ ಬುಟ್ಟಿ ಇಳಿಸಿದಳು.

"ಪೇಂಟರ್ ಸಾಬ್, ಭಾಗಮ್ಮನ ಕೈ ಡಬರಿಯಂಗ ಬಾತದ. ಒಂದು ಬಳಿನೂ ಏರವಲ್ದು. ಮೈಯಾಗ ಬುಖಾರ್. ರೊಟ್ಟಿ ಬಡಿಯೂದು ಬಂದ್. ನಿಮ್ಮನ್ನ ಕೇಳಾಕತ್ತಾಳ."

"ನನ್ನ? ಯಾಕ?"

"ಆಕಿ ಬಡಿಗಿ ಹಿಡದಿದ್ದು ನಾ ಅಂತೂ ನೋಡಿಲ್ಲಪ್ಪ," ಎಂದು ಪೀರಬಿ ಸಮಾಧಾನ ಹೇಳಿದಳು.

ಧಮ್ಮಪಾಲ ಕೂಡಲೇ ಸೋಲಾಪುರಕ್ಕೆ ಫೋನು ಹಚ್ಚಿ, ಬಿದ್ದು ತಪ್ಪಿಸಿಕೊಂಡ ಪಾಠವನ್ನು ಕೇಳಿದ.

"ಬಿಸಲಿಗಾ?" ಉಸ್ತಾದ್ ಕಿರುಚಿದ. "ಅರೆ ಬಾಬಾ, ಅದು ಗಾಯ! ಹಪ್ಪಳ ಅಲ್ಲ! ಸಾಬಾಣ ಹಚ್ಚಿ ಸ್ವಚ್ಛ ನೀರಿಲೆ ತೊಳೀಬೇಕು, ನೆರಳಾಗ ಇಡಬೇಕು, ಎಣ್ಣಿ ಬಳಿಬಾರ್ದು. ಬಾತು ಜ್ವರ ಬಂದದ ಅಂದ್ರ ಇವತ್ತೇ ಡಾಕ್ಟರ್ ಕಡೆ ಒಯ್ಯಿ. ನಾಳಿ ಅನಬ್ಯಾಡ. ಕೈ ಹೋದೀತು."

ಕೈ ಹೋದೀತು. ಅವನ ಕಣ್ಣ ಮುಂದೆ ರೊಟ್ಟಿ ಬಡಿಯುವ ಆ ಕೈ ಬಂತು, ಅದರ ಹಿಂದೆ ಪೊಲೀಸರು ಬಂದರು, ಪೊಲೀಸರ ಹಿಂದೆ ಭಾಗಮ್ಮನ ಬಡಿಗೆ ಬಂತು. ಭಯ ಅವನ ಪರವಾಗಿ ತೀರ್ಮಾನ ಮಾಡಿಬಿಟ್ಟಿತು. ಆಳಂದಕ್ಕೆ ಓಡುವುದು, ಅಲ್ಲಿಂದ ನರೋಣಾದ ಅಕ್ಕನ ಮನೆ. ಚೀಲದಲ್ಲಿ ಎರಡು ಅಂಗಿ ತುರುಕಿದ.

ಪಲಾಯನದ ವ್ಯೂಹದಲ್ಲಿ ಒಂದೇ ದೋಷವಿತ್ತು. ಬಸ್ ಸ್ಟ್ಯಾಂಡು ಖಾನಾವಳಿಯ ಎದುರಿಗೇ ಇತ್ತು. ತಲೆಗೆ ಟವೆಲ್ ಸುತ್ತಿ, ಗೋಡೆಗೆ ಗೋಡೆಯಾಗಿ ಸರಿದು, ಹಿಂದಿನ ಗೇಟಿನಿಂದ ನುಗ್ಗಿ ಆಳಂದದ ಬಸ್ ಹತ್ತಿದ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಎಂಜಿನ್ ಗುರ್ ಎಂದಿತು. ನೋಡಬಾರದು ಎಂದುಕೊಂಡೇ ನೋಡಿದ.

ಖಾನಾವಳಿಯ ಒಲೆ ಆರಿತ್ತು. ಹೊರಗಿನ ಬೆಂಚಿನ ಮೇಲೆ, ಕಲ್ಲು ಸಿಡಿಯುವ ಬಿಸಿಲಲ್ಲಿ ಭಾಗಮ್ಮ ಒಬ್ಬಳೇ ಕೂತಿದ್ದಳು. ಜ್ವರಕ್ಕೆ ಮೈ ನಡುಗುತ್ತಿತ್ತು, ಮೇಲೆ ಕಂಬಳಿ ಹೊದ್ದಿದ್ದಳು. ಬಾತ ಬಲಗೈಯನ್ನು ಮಾತ್ರ ಕಂಬಳಿಯಿಂದ ಹೊರಗೆ ಚಾಚಿ, ಅದು ಕೆಳಗಿಳಿಯದಂತೆ ಎಡಗೈಯಿಂದ ಎತ್ತಿ ಹಿಡಿದು ಬಿಸಿಲಿಗೆ ಒಡ್ಡಿದ್ದಳು. ಎಣ್ಣೆ ಮಿರುಗುತ್ತಿತ್ತು. ಅವನು ಹೇಳಿದ್ದನ್ನು ಅವಳು ಒಂದಕ್ಷರವೂ ಬಿಡದೆ ಪಾಲಿಸುತ್ತಿದ್ದಳು.

ಬಸ್ ಮುಂದೆ ಸರಿಯಿತು.

"ನಿಲ್ಲಸ್ರೀ!" ಆ ಕೂಗು ಧಮ್ಮಪಾಲನದೇ ಎಂದು ಧಮ್ಮಪಾಲನಿಗೇ ತಡವಾಗಿ ಗೊತ್ತಾಯಿತು. ಬಿಸಿಲಲ್ಲಿ ಓಡಿದ, ಟವೆಲ್ ಬಿಚ್ಚಿ ಆ ಕೈಯ ಮೇಲೆ ನೆರಳು ಹಿಡಿದ.

"ಏಳು, ಭಾಗವ್ವ. ದವಾಖಾನಿಗೆ ನಡಿ. ನಾ ಹೇಳಿದ್ದೆಲ್ಲ ಉಲ್ಟಾ. ನನಗ ಗೊತ್ತಿರಲಿಲ್ಲ, ಗೊತ್ತದ ಅಂತ ಹೇಳೀನಿ. ಬಡಿಯೂದಿದ್ರ ಆಮ್ಯಾಲ ಬಡಿ."

ಅವಳು ಕೆಂಪೇರಿದ ಕಣ್ಣೆತ್ತಿದಳು. "ಬಡಿಲಿಕ್ಕೆ ಈ ಕೈ ಎತ್ತಬೇಕಲ್ಲೋ, ಸುಡುಗಾಡ ಪೇಂಟರ! ಚಂದಂಗ ಒಣಗೇದೋ ಇಲ್ಲೋ ನೋಡು ಅಂತ ಕರದಿದ್ದೆ ನಿನ್ನ."

ದವಾಖಾನೆಯಲ್ಲಿ ಡಾಕ್ಟರಮ್ಮ ಗಾಯ ತೊಳೆದು, ಇವತ್ತು ಬಂದದ್ದು ಒಳ್ಳೆಯದಾಯಿತು ಎಂದು ಸಿರಿಂಜು ಎತ್ತಿದರು. ಭಾಗಮ್ಮ ಅಲುಗಾಡಲಿಲ್ಲ. ಪಕ್ಕದ ಮಂಚಕ್ಕೆ ಧಮ್ಮಪಾಲನನ್ನು ಎತ್ತಿ ಹಾಕಬೇಕಾಯಿತು.

ಬಾವು ಇಳಿಯಿತು, ಕೈ ಉಳಿಯಿತು. ಬಸ್ ಸ್ಟ್ಯಾಂಡಿಗೆ ಮತ್ತೆ ರೊಟ್ಟಿಯ ಸದ್ದು ಕೇಳಿತು. ಆದರೆ ಗಾಯದ ಸಿಪ್ಪೆ ಸುಲಿದು ಉದುರಿದಾಗ ಹೆಸರಿನ ನಡುವಿನ 'ಬ' ತನ್ನ ಹೊಟ್ಟೆ ಕಳಕೊಂಡಿತ್ತು. ಗಾಯ ಪೂರಾ ಮಾಯ್ದ ಮೇಲೆ ಭಾಗಮ್ಮ ಅವನ ಅಂಗಡಿಗೆ ಬಂದು, ಗಿರಾಕಿಯ ಕುರ್ಚಿ ಬಿಟ್ಟು ಎದುರಿನ ಸ್ಟೂಲಿನ ಮೇಲೆ ಕೂತಳು.

"ಈ ಅಕ್ಷರ ತಿದ್ದಬೇಕು. ಆದ್ರ ಮೊದಲ ಇದೇ 'ಬ' ನಿನ್ನ ಕೈ ಮ್ಯಾಲ ಬರ್ಕೊ. ತೊಳದು, ನೆರಳಾಗಿಟ್ಟು, ಮಾಯಿಸಿ ತೋರ್ಸು. ಆಮ್ಯಾಲ ನಂದು."

"ಭಾಗವ್ವ, ಬೇಕಾದ್ರ ಬಡಿಗಿ ತಗೊಂಡ..."

"ಕುಂಡ್ರು."

ಅವನು ಕುಂತ. ಎಡತೋಳಿಗೆ ಸಾಬೂನು ಹಚ್ಚಿ ತೊಳೆದ. ಗವಸು ಹಾಕಿಕೊಂಡ. ಹೊಸ ಸೂಜಿಯ ಪಾಕೀಟು ಹರಿಯಲು ಬಹಳ ಹೊತ್ತು ಹಿಡಿಯಿತು. ಮೆಷಿನ್ನು ಗುಂಯ್ ಎಂದಿತು, ಮತ್ತು ಜೀವಮಾನದಲ್ಲಿ ಮೊದಲ ಸಲ ಧಮ್ಮಪಾಲ ಸೂಜಿಯ ಮೊನೆಯನ್ನು ತಾನೇ ತನ್ನ ಕಡೆ ತಿರುಗಿಸಿದ. ಹಣೆಯ ಬೆವರು ಮೂಗಿಗಿಳಿಯಿತು. ಅಂಗಡಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ವಾಲಿತು. ಕಣ್ಣು ಮುಚ್ಚಿಕೊಂಡ.

ಅವನು ಉರುಳದಂತೆ ಭಾಗಮ್ಮ ಬಲಗೈಯಿಂದ ಅವನ ಹೆಗಲನ್ನು ಒತ್ತಿ ಹಿಡಿದಳು. ಕೈಗೆ ಮೊದಲಿನ ಬಲ ಪೂರಾ ಬಂದಿದೆ ಎಂಬುದು ಅವನ ಎಲುಬಿಗೆ ಗೊತ್ತಾಯಿತು.

"ಕಣ್ಣ ತಗಿ, ಪೇಂಟರ," ಅಂದಳು. "ಹೊಟ್ಟಿ ದುಂಡಗ ಬರಲಿ."