ಜೀರುಂಡಿ ಲೇಖನಕ್ಕ ಯಾರ ಹೆಸರು ಮೊದಲ

ಸನಿಹಕ್ಕ ಬರ್ರಿ, ಇದು ನಿಮ್ಮ ಹೊಟ್ಟ್ಯಾಗ ಇರಲಿ. ನಾ ಕಸಾ ಹೊಡಿಯೋ ರಾಯಚೂರಿನ ಕಾಲೇಜಿನಾಗ ನಮ್ಮ ಬಾಜೂಮನಿ ಹುಲಿಗೆಮ್ಮನ ಮಗಳು ರೇಣುಕಾ ಸಂಶೋಧನಿ ಮಾಡ್ತಾಳ. ಡೈನೋಸಾರ್ ಕಾಲದ ಮರದ ಅಂಟು ಕಲ್ಲಾಗಿ, ಅದರಾಗ ಸಾಸಿವಿಯಷ್ಟು ಜೀರುಂಡಿ ಸಿಕ್ಕೊಂಡದ. ಅಂಥ ಜಾತಿ ಲೋಕದಾಗ ಯಾರೂ ಕಂಡಿದ್ದಿಲ್ಲಂತ. ವರ್ಷಗಟ್ಲೆ ಸಣ್ಣದನ್ನ ದೊಡ್ಡದು ಮಾಡಿ ತೋರಸೋ ದುರ್ಬೀನಿಗೆ ಕಣ್ಣು ಹಚ್ಚಿ ಅದರ ಚಿತ್ರಾ ತಗದು, ಲೇಖನ ಬರದಾಕಿ ಆಕಿ.

ಲೇಖನ ಕಳಸೋ ದಿನ ಆಕಿಗೆ ಕಲಸೋ ಸಾಹೇಬ್ರು, "ಮೊದಲ ನನ್ನ ಹೆಸರು, ಆಮ್ಯಾಲ ನಿಂದು" ಅಂದ್ರು. ಮೊದಲ ಹೆಸರಿದ್ದವರದೇ ಕೆಲಸ ಅಂತ ಲೋಕ ತಿಳೀತದ. ಹುಡುಗಿ ತಲಿ ತಗ್ಗಿಸಿತು. ನಾ ಕಸಬರಿಗಿ ನಿಲ್ಲಿಸಿದೆ.

"ಸಾಹೇಬ್ರ, ಆ ಹುಳದ ಹಿಂದಿನ ಕಾಲಿಗೆ ಎಷ್ಟು ಮುಳ್ಳು ಅದಾವ ಹೇಳ್ರಿ."

"ನಿನಗ್ಯಾಕ ಬೇಕವ್ವ? ಕಸಾ ಹೊಡಿ."

"ಒಂಬತ್ತು ರೀ. ಆಕಿ ದಿನಾ ಎಣಿಸೋದು ಕೇಳೀನಿ. ಕಸಾ ಹೊಡಿಯಾಕಿಗೆ ಗೊತ್ತದ, ನಿಮಗ ಗೊತ್ತಿಲ್ಲಂತ ಸಂಜಿ ಒಳಗ ಕಾಲೇಜಿಗೆಲ್ಲಾ ಹೇಳ್ತೀನಿ. ನನ್ನ ಬಾಯಿ ನಿಮಗ ಗೊತ್ತದ."

ಸಾಹೇಬ್ರು ನನ್ನ ಮುಂದೇ ಹೆಸರು ತಿದ್ದಿದ್ರು.

ಸಂಜಿಗೆ ಇದನ್ನ ಹೇಳಿ ಚಾ ಕುಡಿಯೋಣಂತ ಹುಲಿಗೆಮ್ಮನ ಮನಿಗೆ ಹೋದೆ. ಎಲ್ಲಾ ಕೇಳಿ ಆಕಿ ಬಾಗಿಲದಾಗ ನಿಂತೇ ಅಂದ್ಲು: "ಯಕ್ಕಾ, ನನ್ನ ಮಗಳು ಬಾಗಿಲಾ ಹಾಕ್ಕೊಂಡು ಆ ಸಾಹೇಬನ ಜೋಡಿ ಕುಂದ್ರತಾಳಂತ ಓಣಿ ತುಂಬ ಹೇಳಿದಾಕಿ ನೀನೇ. ಹುಳದ ಜೋಡಿ ಕುಂತಿದ್ಲಂತ ಈಗ ಅದೇ ಮನಿಗಳಿಗೆ ಹೋಗಿ ಹೇಳಿ ಬಾ. ಚಾ ಆಮ್ಯಾಲ."