ಒಂದು ದೀರ್ಘದ ಅಂತರ

ಆರು ವರ್ಷದಿಂದ ಒಂದೇ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಅವಳನ್ನು ಕಿರಿಯರೆಲ್ಲ ಆಮೆಯಕ್ಕ ಎನ್ನುತ್ತಿದ್ದರು. ಎದುರಿಗೇ ಅಂದರೂ ಅವಳಿಗೆ ಬೇಸರವಿಲ್ಲ. ಕರೆಯುವವರಾದರೂ ಇದ್ದಾರಲ್ಲ ಎಂಬ ಸಮಾಧಾನ.

ಅವಳ ಸಂಶೋಧನೆ ಹೇಳುವುದಕ್ಕೆ ಸುಲಭ. ಒಟ್ಟಿಗೆ ದುಡಿಯುವ ಕಂಪ್ಯೂಟರುಗಳು ಸೆಕೆಂಡಿಗೊಮ್ಮೆ ಒಂದಕ್ಕೊಂದು 'ಇದ್ದೇನೆ' ಎಂದು ಹೇಳಿಕೊಳ್ಳುತ್ತವೆ. ಯಾವುದಾದರೂ ಮೂರು ಸಲ ಸುಮ್ಮನಿದ್ದರೆ, ಅದು ಸತ್ತಿತೆಂದು ಉಳಿದವು ತೀರ್ಮಾನಿಸಿ ಅದರ ಕೆಲಸವನ್ನು ಹಂಚಿಕೊಂಡುಬಿಡುತ್ತವೆ. ಆದರೆ ಸುಮ್ಮನಿರುವುದು ಸತ್ತೇಹೋಗಿದೆಯೋ, ಕೆಲಸದ ಭಾರಕ್ಕೆ ತಡವಾಗಿದೆಯೋ? ಎಷ್ಟು ಹೊತ್ತು ಕಾದು ಕೈಬಿಡಬೇಕು? ನಿಧಾನಕ್ಕೂ ನಿಧನಕ್ಕೂ ಒಂದು ದೀರ್ಘದ ಅಂತರ. ಅವಳ ಆರು ವರ್ಷಗಳು ಆ ದೀರ್ಘದಲ್ಲೇ ಕಳೆದಿದ್ದವು.

ಒಮ್ಮೆ ಅಣ್ಣನಿಗೆ ಮೆಸೇಜು ಹಾಕುವಾಗ ಆ ದೀರ್ಘವೇ ಬಿಟ್ಟುಹೋಗಿತ್ತು: 'ಇಲ್ಲಿ ಎಲ್ಲ ನಿಧನ.' ತಕ್ಷಣ ಫೋನು ಬಂತು.

"ಯಾರೇ ಹೋಗಿದ್ದು?"

"ಯಾರೂ ಇಲ್ಲ ಕಣೋ. ಕೆಲಸ ನಿಧಾನ ಅಂತ ಬರೆದಿದ್ದು."

"ಥೂ, ಹೆದರಿಸಿಬಿಟ್ಟೆ. ಇಡ್ತೀನಿ, ಮೀಟಿಂಗಿದೆ."

ಆ ವರ್ಷ ಅಣ್ಣ ತಾನಾಗಿ ಮಾಡಿದ ಫೋನು ಅದೊಂದೇ. ಇನ್ನೊಂದು ಕಾಗುಣಿತದ ತಪ್ಪು ಮಾಡೋಣವೆಂದು ಅವಳಿಗೆ ಎಷ್ಟೋ ಸಲ ಮನಸ್ಸಾಗಿತ್ತು.

ಕೊನೆಯ ಪ್ರಯೋಗ ಮೂರು ವಾರ ಹಿಡಿಯಿತು. ಬಾಡಿಗೆ ಕೋಣೆಯಲ್ಲೇ ಕೂತು ಅಂಕಿ ಗಮನಿಸುತ್ತಿದ್ದವಳು ಗೈಡಿಗೆ ಒಂದು ಸಾಲೂ ಬರೆಯಲಿಲ್ಲ. ನಾಲ್ಕನೆಯ ಸೋಮವಾರ ಲ್ಯಾಬಿಗೆ ಹೋದರೆ ಅವಳ ಮೇಜಿನ ಮುಂದೆ ಹೊಸಬಳೊಬ್ಬಳು ಕೂತಿದ್ದಾಳೆ. ಆಮೆಯಕ್ಕನ ನೀರಿನ ಲೋಟ ಪ್ರಿಂಟರಿನ ಮೇಲಿದೆ, ಅದರೊಳಗೆ ಯಾರದೋ ಪೆನ್ನುಗಳು.

"ಅಕ್ಕಾ, ನೀವು ಬಿಟ್ಟು ಹೋದ್ರಿ ಅಂದ್ರು..." ಎಂದಳು ಹೊಸಬಳು, ಎದ್ದೂ ಏಳದಂತೆ.

ಆಮೆಯಕ್ಕ ಗೈಡಿನ ಕೋಣೆಗೆ ನಡೆದಳು.

"ಮೂರು ವಾರ ಸುದ್ದೀನೇ ಇಲ್ಲ ಕಣಮ್ಮ," ಎಂದರು ಅವರು. "ನಿನ್ನ ಹೆಸರು ತೆಗೆಯೋಕೆ ಕಾಗದಾನೂ ಬರೆದಿಟ್ಟಿದೀನಿ."

"ನಾನು ನಿಧಾನ ಸಾರ್. ನಿಧನ ಅಲ್ಲ."

ಅವರು ನಗಲಿಲ್ಲ. ಅವಳು ಲ್ಯಾಪ್‌ಟಾಪು ತೆರೆದು ತೋರಿಸಿದಳು. "ಸತ್ತಿದೆ ಅಂತ ಕೈಬಿಟ್ಟ ನೂರರಲ್ಲಿ ಎಂಬತ್ತೆರಡು ಸತ್ತಿರಲಿಲ್ಲ ಸಾರ್. ಇನ್ನು ಹತ್ತು ಸೆಕೆಂಡು ಕಾದಿದ್ರೆ ಮಾತಾಡ್ತಿದ್ವು."

"ಉಳಿದ ಹದಿನೆಂಟು?"

"ಅವು ನಿಜವಾಗ್ಲೂ ಸತ್ತಿದ್ವು."

"ನೀನು ಯಾವುದರಲ್ಲಿ?"

ಅವಳಿಗೆ ಉತ್ತರ ತಡವಾಯಿತು. ಗೈಡು ಕಾದರು.

"ಒಂದು ತಿಂಗಳು ಕೊಡಿ ಸಾರ್. ಬರೆದು ಮುಗಿಸ್ತೀನಿ."

ಅವರು ಕಾಗದವನ್ನು ಡ್ರಾಯರಿಗೆ ಹಾಕಿದರು, ಹರಿಯಲಿಲ್ಲ. "ಒಂದೇ ತಿಂಗಳು. ದಿನಾ ಬೆಳಿಗ್ಗೆ, ಇದ್ದೀನಿ ಅಂತ ಒಂದು ಸಾಲು ಹಾಕು."

ಮೇಜು ವಾಪಸು ಸಿಗಲಿಲ್ಲ. ಮರುದಿನ ಪ್ರಿಂಟರಿನ ಪಕ್ಕ ಸ್ಟೂಲು ಹಾಕಿಕೊಂಡು, 'ಇದ್ದೇನೆ' ಎಂದು ಬರೆದು, ದೀರ್ಘ ಬಿಟ್ಟಿಲ್ಲವೆಂದು ಎರಡು ಸಲ ನೋಡಿ ಕಳಿಸಿದಳು. ಒಂದು, ಎರಡು, ಮೂರು ಎಣಿಸಿದಳು. ಉತ್ತರವಿಲ್ಲ. ಹಳೆಯ ನಿಯಮದ ಪ್ರಕಾರ ಗೈಡು ಸ್ವರ್ಗಸ್ಥರು.

ಅವಳು ತನ್ನ ನಿಯಮವನ್ನೇ ನಂಬಿ, ಲೋಟದಿಂದ ಪೆನ್ನುಗಳನ್ನು ತೆಗೆದಿಟ್ಟು, ಕಾಯುತ್ತ ಕೂತಳು.