ಹನ್ನೆರಡು ಸೇರಿನ ಕೊಳಗ

ಹುಲಿಗೆಮ್ಮನ ಏಟಿಗೆ ನನ್ನ ಎಡಗಿವಿ ಹೋದಾಗ ನನಗೆ ಹನ್ನೊಂದು ವರ್ಷ, ಅವಳಿಗೂ ಅಷ್ಟೇ. ಇವತ್ತಿಗೂ ಆ ಕಿವಿಗೆ ತುರುಕಿದ ಹತ್ತಿ ಕಂಡು "ಅಯ್ಯೋ ಪಾಪ, ರೇವಣ್ಣ ಮೇಷ್ಟ್ರು" ಅನ್ನುವವರಿದ್ದಾರೆ. ಅವರ ಬಾಯಿ ಮುಚ್ಚಿಸಲಿಕ್ಕಾದರೂ ಹುಲಿಗೆಮ್ಮನ ಕಥೆ ಹೇಳಬೇಕು. ಪಾಪ ಯಾರು, ಪಾಪಿ ಯಾರು ಅಂತ ಓದಿದವರೇ ತೀರ್ಮಾನಿಸಲಿ. ನಾನಂತೂ ಯಾವತ್ತೋ ತೀರ್ಮಾನಿಸಿಕೊಂಡಿದ್ದೇನೆ.

ಮೂವತ್ತಾರನೇ ಇಸವಿ. ಹೊನ್ನಾಳಿಗೆ ಎರಡು ಹರದಾರಿ ದೂರದ ನಮ್ಮೂರಿನ ಶಾಲೆಯಲ್ಲಿ ನಾವಿಬ್ಬರೂ ಮೂರನೇ ಕ್ಲಾಸು. ಇದ್ದದ್ದು ಒಬ್ಬರೇ ಮೇಷ್ಟ್ರು, ಶಿವಮೂರ್ತಪ್ಪ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಜಗಳೂರು ಸೀಮೆಯಿಂದ ವರ್ಗವಾಗಿ ಬಂದವರು. ಅವರ ಲೆಕ್ಕದ ಪಾಠಕ್ಕೆ ಒಂದು ಕಟ್ಟಳೆ ಇತ್ತು. ಪ್ರಶ್ನೆ ಕೇಳುವರು, ಸಾಲಾಗಿ ನಿಂತ ನಾವು ಒಬ್ಬೊಬ್ಬರೇ ಉತ್ತರ ಹೇಳಬೇಕು. ಸರಿ ಹೇಳಿದವರು ತಪ್ಪು ಹೇಳಿದವರ ಎದುರು ಹೋಗಿ, ಎಡಗೈಲಿ ಅವರ ಮೂಗು ಹಿಡಿದು, ಬಲಗೈಲಿ ಕೆನ್ನೆಗೆ ಬಾರಿಸಬೇಕು. ಸದ್ದು ಬರದಿದ್ದರೆ ಮೇಷ್ಟ್ರು ಎದ್ದು ಬಂದು, "ಹಿಂಗೆ ಹೊಡಿಬೇಕು," ಅಂತ ಹೊಡೆದವರ ಕೆನ್ನೆಗೇ ಬಾರಿಸಿ ತೋರಿಸುವರು. ಮಕ್ಕಳ ಕೈಲಿ ಮಕ್ಕಳಿಗೆ ಹೊಡೆಸಿ ತಾನು ಕುರ್ಚಿಯಲ್ಲಿ ಕೂರುವುದಕ್ಕಿಂತ ಹೇಡಿತನ ಬೇರೆ ಇಲ್ಲ ಅಂತ ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಒಂದೇ: ಹೊಡೆಯುವವನು ನಾನಾಗಬೇಕು.

ಆದರೆ ಹೊಡೆಯುತ್ತಿದ್ದದ್ದು ಯಾವಾಗಲೂ ಹುಲಿಗೆಮ್ಮನೇ. ಶಾಲೆಗೆಲ್ಲ ಅವಳೊಬ್ಬಳೇ ಹುಡುಗಿ, ಮಗ್ಗಿಯಲ್ಲಿ ಅವಳನ್ನು ಮೀರಿಸುವವರಿಲ್ಲ. ಈ ಕಟ್ಟಳೆ ಬಂದ ಮೇಲೆ ಅವಳಪ್ಪ ಬೈಲಪ್ಪ ಅವಳನ್ನು ಶಾಲೆ ಬಿಡಿಸದೆ ಉಳಿಸಿದ್ದೇ ಒಂದು ಷರತ್ತಿನ ಮೇಲೆ. ಹೆಗಲ ಮೇಲೆ ಬಾರುಕೋಲು ಇಟ್ಟುಕೊಂಡು ಶಾಲೆಯ ಅಂಗಳದಲ್ಲಿ ನಿಂತು, ನಮ್ಮೆಲ್ಲರ ಎದುರೇ ಹೇಳಿದ್ದ: "ನೀನು ಯಾರಿಗಾದ್ರೂ ಹೊಡಿ. ಗಂಡುಡುಗನ ಕೈ ನಿನ್ನ ಮೂಗಿಗೆ ಬಂತೋ, ಅವತ್ತಿಗೆ ಸಾಲೆ ಮುಗೀತು." ಅವಳಿಗೋ ಓದುವ ಹುಚ್ಚು. ನ್ಯಾಮತಿಯಲ್ಲಿ ಒಮ್ಮೆ ಕೊಡೆ ಹಿಡಿದು, ಕನ್ನಡಕ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಮೇಷ್ಟ್ರಮ್ಮನನ್ನು ನೋಡಿ ಬಂದಿದ್ದಳು. ತಾನೂ ಹಾಗೇ ಆಗುತ್ತೇನೆ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುವಳು.

ಬೇಸಿಗೆ ರಜೆ ಕೊಡುವ ದಿನ ಮೇಷ್ಟ್ರು ಹದಿನೇಳರ ಮಗ್ಗಿ ಹಿಡಿದರು. ಹದಿನೇಳೊಂಬತ್ಲೆ ಎಷ್ಟು ಅಂತ ಕೇಳಿದರೆ ನನ್ನ ಬಾಯಿ ಕಟ್ಟಿತು. ಹುಲಿಗೆಮ್ಮ, "ನೂರೈವತ್ಮೂರು," ಅಂದಳು. ಬಂದು ನನ್ನ ಮೂಗು ಹಿಡಿದು ಮೆಲ್ಲಗೆ ತಟ್ಟಿದಳು. ನಮ್ಮಿಬ್ಬರದೂ ಪಕ್ಕದ ಮನೆ, ಅದಕ್ಕೆ. ಮೇಷ್ಟ್ರು ಎದ್ದು ಬಂದು ಅವಳ ಕೆನ್ನೆಗೆ ಎರಡು ಬಿಗಿದರು. ಅವಳು ಕಣ್ಣು ಮುಚ್ಚಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಹೊಡೆದಳು. ಏಟು ಕೆನ್ನೆಗೆ ಬೀಳಲಿಲ್ಲ, ಕಿವಿಗೆ ಬಿತ್ತು. ಒಳಗೆ ಏನೋ ಪಟ್ಟಂತ ಹರಿಯಿತು. ನೆಲಕ್ಕೆ ಬಿದ್ದೆ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ಒದ್ದೆಯಾಯಿತು. ಹುಡುಗರೆಲ್ಲ ನಕ್ಕರು. ಮೇಷ್ಟ್ರು ಏನೂ ಆಗದವರಂತೆ, "ರಜೆದಾಗೆ ಅಳತೆ ಲೆಕ್ಕ ಅಭ್ಯಾಸ ಮಾಡ್ಕಂಡು ಬರ್ರಿ. ಸೇರು, ಕೊಳಗ. ಬಂದ ದಿನ ಅದ್ನೇ ಕೇಳ್ತೀನಿ," ಅಂದರು.

ಅವ್ವ ಬೆಚ್ಚಗಿನ ಎಣ್ಣೆ ಬಿಟ್ಟಳು, ಬೆಳ್ಳುಳ್ಳಿ ರಸ ಬಿಟ್ಟಳು. ಕಿವಿ ಸೋರುತ್ತಲೇ ಇತ್ತು. ಹುಲಿಗೆಮ್ಮ ಮನೆ ಬಾಗಿಲಿಗೆ ಬಂದು, "ರೇವಣ್ಣ, ನಾನು ಬೇಕಂತ ಹೊಡೀಲಿಲ್ಲ ಕಣೋ," ಅಂದಳು. ಕೈಗೆ ಸಿಕ್ಕ ಒನಕೆ ಎತ್ತಿ ಎಸೆದೆ. ಅವಳ ಕಾಲ ಹತ್ತಿರ ಬಿತ್ತು. ತಾಗಿದ್ದರೆ ಮೊಣಕಾಲು ಮುರಿಯುತ್ತಿತ್ತು. ತಾಗಲಿಲ್ಲವಲ್ಲ ಅಂತ ಹಲ್ಲು ಕಡಿದೆ.

ಅವ್ವ ನನ್ನನ್ನು ಜಗಳೂರು ಕಡೆಯ ತನ್ನ ತವರಿಗೆ, ಮಾವ ದುರುಗಪ್ಪನ ಮನೆಗೆ ಕಳಿಸಿದಳು. ಆ ಎರಡು ತಿಂಗಳು ನಾನು ಮಾಡಿದಷ್ಟು ಲೆಕ್ಕ ಯಾವ ಹುಡುಗನೂ ಮಾಡಿರಲಾರ. ದನದ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲ ಒಂದಿತ್ತು. ಅದರ ಮೇಲೆ ಇದ್ದಿಲಿನಿಂದ ಕಣ್ಣು, ಮೂಗು, ಹಣೆಗೆ ಬೊಟ್ಟು ಬರೆದೆ. ಮಗ್ಗಿಯ ಒಂದು ಸಾಲು ಸರಿ ಬಂದರೆ ಚೀಲಕ್ಕೆ ಒಂದು ಏಟು. ತಪ್ಪಿದರೆ ನನ್ನ ಕೆನ್ನೆಗೇ ಒಂದು. ಮೊದಲ ವಾರ ನನ್ನ ಕೆನ್ನೆ ಊದಿತು, ಆಮೇಲೆ ಚೀಲ ಹರಿಯಿತು. ಸೇರು, ಕೊಳಗ, ಕಾಲು, ಮುಕ್ಕಾಲು, ಏನನ್ನೂ ಬಿಡಲಿಲ್ಲ.

ಮಾವ ನನ್ನ ಅಂಗೈ ನೋಡಿ, "ಏನಲೇ ಇದು, ಹಿಂಗೆ ಊದೈತೆ?" ಅಂದ.

"ಮಗ್ಗಿ ಕಲೀತಿದೀನಿ ಮಾವ."

"ಮಗ್ಗೀನ ಬಾಯಾಗೆ ಕಲೀತಾರೆ ಕಣಲೇ, ಕೈಯಾಗಲ್ಲ," ಅಂತ ನಕ್ಕ.

ಮೇ ತಿಂಗಳ ಕೊನೆಗೆ ಮಾವ ಹಗೇವು ತೆಗೆಸಿದ. ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ. ಹೊಸ ಕೊಳಗ ಮಾಡಿಸಿದ್ದ. ಅಳತೆ ಸರಿ ಇದೆಯೋ ನೋಡು ಅಂತ ನನ್ನ ಕೈಗೆ ಸೇರು ಕೊಟ್ಟ. ಆ ಕಡೆ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ನಮ್ಮೂರಲ್ಲೂ ಹಾಗೇ. ಲಾಭ, ಎರಡು, ಮೂರು ಅಂತ ಸುರಿಯುತ್ತಾ ಹೋದೆ. ಹನ್ನೆರಡಾಯಿತು. ಕೊಳಗ ತುಂಬಲಿಲ್ಲ.

"ಮಾವ, ನಮ್ಮೂರಾಗೆ ಹನ್ನೆರಡಕ್ಕೆ ತುಂಬ್ತೈತೆ."

"ನಿಮ್ಮದು ಸಣ್ಣ ಕೊಳಗ ಕಣಲೇ. ಈ ಸೀಮೇಲಿ ಹದಿನಾರು ಸೇರಿಗೆ ಒಂದು ಕೊಳಗ. ನಿಮ್ ಮೇಷ್ಟ್ರು ಶಿವಮೂರ್ತಪ್ಪನ ಮನೆ ಕೊಳಗನೂ ಇದೇ. ಅವ್ರೂರು ಇಲ್ಲೇ ಐತಲ್ಲ, ಗುಡ್ಡದ ಆ ಕಡೆ."

ಸೇರು ನನ್ನ ಕೈಯಲ್ಲೇ ನಿಂತಿತು. ಮೇಷ್ಟ್ರು ಕೊಳಗದ ಲೆಕ್ಕ ಕೇಳುತ್ತಾರೆ. ನಮ್ಮೂರಿಗೆ ಬಂದು ನಾಲ್ಕು ತಿಂಗಳಷ್ಟೇ ಆದ, ವಾರಾನ್ನದಲ್ಲಿ ಉಂಡು ಮಲಗುವ ಒಂಟಿ ಮನುಷ್ಯ ನಮ್ಮೂರ ಕೊಳಗವನ್ನು ಎಲ್ಲಿ ನೋಡಿರುತ್ತಾರೆ? ಹುಲಿಗೆಮ್ಮ ಹನ್ನೆರಡು ಅಂತಾಳೆ. ಸರಿಯಾಗೇ ಹೇಳ್ತಾಳೆ. ಸರಿಯಾಗಿ ಹೇಳಿಯೇ ಸಿಕ್ಕಿಬೀಳ್ತಾಳೆ. ನನಗೆ ಆದ ಸಂತೋಷ ಹೇಳತೀರದು. ಹನ್ನೊಂದು ವರ್ಷದ ಹುಡುಗನಿಗೆ ಅಷ್ಟು ವಿಷ ಎಲ್ಲಿಂದ ಬಂತೋ!

ಶಾಲೆ ತೆರೆದ ದಿನ ಮೇಷ್ಟ್ರು ಸಾಲು ನಿಲ್ಲಿಸಿ, "ಐದು ಕೊಳಗ ಜೋಳ. ಎಷ್ಟು ಸೇರಾತು?" ಅಂದರು.

ಹುಲಿಗೆಮ್ಮ ಮೊದಲನೆಯವಳು. "ಅರವತ್ತು," ಅಂದಳು. ರಜೆಯೆಲ್ಲ ಬಳಪ ಸ್ಲೇಟು ಹಿಡಿದು, ಊರ ಮನೆಮನೆಗೆ ಹೋಗಿ ಅಳೆದು ಕಲಿತಿದ್ದಳಂತೆ. ಅವಳ ಹಿಂದಿದ್ದವರೆಲ್ಲ ಅರವತ್ತು, ಅರವತ್ತು ಅಂದರು. ಅವಳು ಮೊದಲು ಹೇಳಿದ ದಿನ ಉಳಿದವರು ಅವಳ ಉತ್ತರವನ್ನೇ ಕದಿಯುತ್ತಿದ್ದುದರಿಂದ ಮೇಷ್ಟ್ರಿಗೆ ತಮ್ಮ ಲೆಕ್ಕದ ಮೇಲೆ ಅನುಮಾನ ಬರಲಿಲ್ಲ. ನಾನು ಕೊನೆಯವನು.

"ಎಂಬತ್ತು," ಅಂದೆ.

"ಶಭಾಷ್! ಒಬ್ಬನಾದ್ರೂ ಅಭ್ಯಾಸ ಮಾಡ್ಯಾನೆ. ನಡಿ, ಹೊಡಿ."

ಹುಲಿಗೆಮ್ಮ ಸಾಲು ಬಿಟ್ಟು ಮುಂದೆ ಬಂದಳು. "ಇಲ್ರಿ ಮೇಷ್ಟ್ರೇ, ಕೊಳಗಕ್ಕೆ ಹನ್ನೆರಡು ಸೇರು. ನಾನೇ ಅಳೆದೀನಿ." ಮೇಷ್ಟ್ರು ಹುಣಸೆ ಬರಲಿನಿಂದ ಅವಳ ಬೆರಳ ಗೆಣ್ಣಿಗೆ ಹೊಡೆದರು. ಅವಳು ಸುಮ್ಮನಾಗಲಿಲ್ಲ. ಮತ್ತೆ ಹೊಡೆದರು. ಬೆರಳು ಒಡೆದು ರಕ್ತ ಬಂತು. ಆಗ ಅವಳು ನನ್ನ ಕಡೆ ತಿರುಗಿದಳು.

"ರೇವಣ್ಣ, ನಿಮ್ಮನೇಲೂ ಹನ್ನೆರಡೇ ಅಲ್ವಾ? ನೀನಾದ್ರೂ ಹೇಳೋ."

ಹೇಳಬಹುದಿತ್ತು. ಇಡೀ ಶಾಲೆಯಲ್ಲಿ ಎರಡೂ ಕೊಳಗ ಅಳೆದಿದ್ದವನು ನಾನೊಬ್ಬನೇ. ಒಂದೇ ಒಂದು ಮಾತು ಸಾಕಿತ್ತು.

"ಹದಿನಾರು," ಅಂದೆ.

ಅವಳ ಮೂಗು ಹಿಡಿದೆ. ಎರಡು ತಿಂಗಳು ಚೀಲಕ್ಕೆ ಬಾರಿಸಿ ಹದ ಮಾಡಿಕೊಂಡಿದ್ದ ಕೈ. ಒಂದೇ ಏಟಿಗೆ ಅವಳ ತಲೆ ಕಿಟಕಿಯ ಕಂಬಿಗೆ ಬಡಿಯಿತು. ಬಾಯಿಂದ ಹಲ್ಲಿನ ಚೂರು ಸ್ಲೇಟಿನ ಮೇಲೆ ಬಿತ್ತು, ಹಿಂದೆಯೇ ರಕ್ತ. ಮೇಷ್ಟ್ರು, "ಹಿಂಗಿರಬೇಕು ಏಟು," ಅಂದರು. ಉಳಿದ ಹುಡುಗರಿಗೆ ಹೊಡೆದದ್ದು ನನಗೆ ನೆನಪೇ ಇಲ್ಲ.

ಮಾರನೇ ದಿನ ಬೈಲಪ್ಪ ಬಂದ. ಮೇಷ್ಟ್ರನ್ನು ಕುರ್ಚಿಯಿಂದ ಎಳೆದು, ನಮ್ಮೆದುರೇ ಕೆನ್ನೆಗೆ ನಾಲ್ಕು ಬಿಟ್ಟ. ಕುರ್ಚಿಯನ್ನು ಒದ್ದು ಕಾಲು ಮುರಿದ. ಹುಲಿಗೆಮ್ಮ ಓಡಿ ಬಂದು ಅವನ ಕಾಲು ಕಟ್ಟಿಕೊಂಡು, "ಅಪ್ಪಾ, ನನ್ನ ಲೆಕ್ಕ ಸರಿ ಐತೆ, ಕೊಳಗ ತಂದು ತೋರಿಸ್ತೀನಿ," ಅಂತ ಅತ್ತಳು.

"ನಿನ್ನ ಲೆಕ್ಕ ಸರಿಯೋ ತಪ್ಪೋ ನಂಗ್ಯಾಕೆ? ಕೈ ಬಿತ್ತಲ್ಲ," ಅಂದವನೇ ಅವಳ ಸ್ಲೇಟು ಕಿತ್ತು ಮೆಟ್ಟಿಲಿಗೆ ಅಪ್ಪಳಿಸಿದ. ಜಡೆ ಹಿಡಿದು ದರದರ ಎಳೆದುಕೊಂಡು ಹೋದ. ನಾನು ನೋಡುತ್ತಾ ನಿಂತಿದ್ದೆ. ಗೆದ್ದ ಖುಷಿ ಒಂದು ದಿನವೂ ಉಳಿಯಲಿಲ್ಲ.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಹದಿನೈದಕ್ಕೆ ಮದುವೆ ಮಾಡಿ ದೂರದ ಜಗಳೂರು ಸೀಮೆಗೇ ಕೊಟ್ಟರು, ನಮ್ಮ ಮಾವನ ಪಕ್ಕದ ಊರಿಗೆ. ಅವಳ ಸುದ್ದಿ ಮಾವನ ಬಾಯಿಂದ ಆಗಾಗ ನನಗೆ ತಲುಪುತ್ತಿತ್ತು. ಆ ಹೊನ್ನಾಳಿ ಸೊಸೆ ಮೊದಲು ಸೇರು ಹಿಡಿದು ಕೊಳಗವನ್ನೇ ಅಳೆದು ನೋಡದೆ ಒಂದು ಕಾಳೂ ಅಳೆಯುವುದಿಲ್ಲವಂತೆ. ಸುತ್ತಲ ನಾಲ್ಕೂರಲ್ಲಿ ಹಗೇವು ತೆಗೆದರೆ ಅವಳನ್ನೇ ಕರೆಯುತ್ತಾರಂತೆ. ಯುದ್ಧ ನಡೆದಿದ್ದ ಕಾಲದಲ್ಲಿ, ಕಾಳಿಗೆ ಚಿನ್ನದ ಬೆಲೆ ಇದ್ದಾಗ, ಕೊಳ್ಳಲು ಬಂದ ದಲ್ಲಾಳಿಯೊಬ್ಬನ ಕೊಳಗ ಹದಿನೇಳೂವರೆ ಸೇರು ಹಿಡಿಯಿತು. ಅವಳು ಅದನ್ನು ಎಲ್ಲರೆದುರು ಹೇಳಿದಳು. ಅವನು, "ಒಲೆ ಮುಂದೆ ಕೂರೋಳಿಗೆ ಏನೇ ಲೆಕ್ಕ," ಅಂತ ಎದೆಗೆ ಕೈ ಹಾಕಿ ನೂಕಿದ. ಹುಲಿಗೆಮ್ಮ ಆ ಕಬ್ಬಿಣದ ಪಟ್ಟಿಯ ಕೊಳಗವನ್ನೇ ಎತ್ತಿ ಅವನ ಹಣೆಗೆ ಕುಕ್ಕಿದಳು. ಹಣೆ ಎರಡು ಸೀಳಾಯಿತು. ಮನೆಗೆ ಬಂದ ಮೇಲೆ ಗಂಡ ಬಾರುಕೋಲಿನಿಂದ ಅವಳ ಬೆನ್ನು ಸುಲಿದ. ಮಾರನೇ ಬೆಳಿಗ್ಗೆ ಅದೇ ಬೆನ್ನಿನ ಮೇಲೆ ಸೆರಗು ಹೊದ್ದು ಇನ್ನೊಬ್ಬರ ಹಗೇವಿಗೆ ಅಳೆಯಲು ಹೋದಳು.

ನಾನು ಓದಿ ಮೇಷ್ಟ್ರಾದೆ. ಅವಳು ಕೂರಬೇಕಾದ ಕುರ್ಚಿಯಲ್ಲಿ ನಾನು ಕೂತೆ. ಸುಳ್ಳೇಕೆ ಹೇಳಲಿ, ನಾನೂ ನನ್ನ ಶಾಲೆಯ ಮಕ್ಕಳ ಕೈಲಿ ಮೂಗು ಹಿಡಿಸಿ ಹೊಡೆಸಿದೆ. ನಲವತ್ತೇಳರ ಬೇಸಿಗೆ ರಜೆಗೆ ಮಾವನ ಮನೆಗೆ ಹೋದಾಗ ಹಗೇವು ತೆಗೆದಿದ್ದರು. ಜೋಳದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಹುಲಿಗೆಮ್ಮ ಕೂತಿದ್ದಳು. ಮುಂದಿನ ಹಲ್ಲು ಅರ್ಧ ಇರಲಿಲ್ಲ.

"ಚೆನ್ನಾಗಿದೀರಾ ಮೇಷ್ಟ್ರೇ?" ಅಂದಳು. ಸೇರು ಎತ್ತಿಕೊಂಡು ಕೊಳಗಕ್ಕೆ ಸುರಿಯತೊಡಗಿದಳು. ಲಾಭ, ಎರಡು, ಮೂರು. ಹದಿನಾರಕ್ಕೆ ತುಂಬಿತು. ಸೇರನ್ನು ಕೆಳಗಿಟ್ಟಳು.

"ಇಲ್ಲಿ ಹದಿನಾರು. ಮದುವೆಯಾಗಿ ಬಂದ ವರ್ಷನೇ ಗೊತ್ತಾತು ನಂಗೆ. ಮೇಷ್ಟ್ರು ಅವರ ಸೀಮೆ ಲೆಕ್ಕ ಹೇಳಿದ್ರು, ಬಿಡು. ನಿನಗೆ ಹೆಂಗೆ ಬಂತು ಎಂಬತ್ತು? ಹನ್ನೊಂದು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಬಾಯಿಗೆ ಬಂದಿದ್ದು ಅಂದ್ಯೋ, ಗೊತ್ತಿದ್ದೇ ಅಂದ್ಯೋ?"

ಬಾಯಿಗೆ ಬಂದದ್ದು ಅಂದಿದ್ದರೆ ನಂಬುತ್ತಿದ್ದಳು.

"ಆ ರಜೇಲಿ ಇದೇ ಹಗೇವಿನ ಮುಂದೆ ಕೂತು ಅಳೆದಿದ್ದೆ," ಅಂದೆ. "ನಿಂದು ಸರಿ ಅಂತ್ಲೂ ಗೊತ್ತಿತ್ತು."

ಅವಳು ಎದ್ದಳು. ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು ನನ್ನೆದುರು ಬಂದು ನಿಂತು, ಎಡಗೈಲಿ ನನ್ನ ಮೂಗು ಹಿಡಿದಳು. ನನ್ನ ಎಡಗಿವಿಯ ಹತ್ತಿ ಕಣ್ಣಿಗೆ ಬಿತ್ತೇನೋ, ಬಿಟ್ಟು ಕೈ ಬದಲಾಯಿಸಿದಳು. ಬಲಗೈಲಿ ಮೂಗು ಹಿಡಿದು ಎಡಗೈ ಎತ್ತಿದಳು.

"ಲಾಭ," ಅಂತ ಹೊಡೆದಳು. ಕಣ್ಣಲ್ಲಿ ಕಿಡಿ ಹಾರಿತು. "ಎರಡು." ಮಾವ ಎಗರಿ ಬಂದ. "ಬರಬೇಡ ಮಾವ," ಅಂತ ಕೈ ಅಡ್ಡ ಹಿಡಿದೆ. "ಮೂರು. ನಾಕು." ಆಳುಗಳೆಲ್ಲ ಚೀಲ ಬಿಟ್ಟು ನಿಂತರು. ತುಟಿ ಒಡೆದು ಉಪ್ಪುಪ್ಪು ಬಾಯಿಗೆ ಬಂತು. ಅವಳು ಎಣಿಸುತ್ತಿದ್ದಳು, ಮನಸ್ಸಿನಲ್ಲೇ ನಾನೂ ಎಣಿಸುತ್ತಿದ್ದೆ. ಹದಿನಾರು ಆಗಬೇಕು ಅಂದುಕೊಂಡು ಗಟ್ಟಿಯಾಗಿ ನಿಂತಿದ್ದೆ.

ಹನ್ನೆರಡಕ್ಕೆ ನಿಲ್ಲಿಸಿದಳು.

"ನಮ್ಮೂರ ಕೊಳಗ ಇಷ್ಟೇ," ಅಂದಳು. ಅವಳ ಕಣ್ಣು ತುಂಬಿತ್ತು.

ಮತ್ತೆ ಹೋಗಿ ರಾಶಿಯ ಮುಂದೆ ಕೂತು ಮಾವನ ಜೋಳ ಅಳೆಯತೊಡಗಿದಳು. ನಾನು ತುಟಿ ಒರೆಸಿಕೊಂಡು ಹೋಗಿ ಚೀಲದ ಬಾಯಿ ಹಿಡಿದು ನಿಂತೆ.